ಮಗಳು ರಿಸರ್ಚ್ ಮಾಡ್ತೀನಂದ್ರೆ ಮುಖ ಸಿಂಡರಿಸಬೇಡಿ!

ವೈರ್‌ಲೆಸ್ಸು, ಸಿಗ್ನಲ್ಲು, ಅಲ್ಗಾರಿದಮ್ಮು... ಮಗಳ ಬಾಯಲ್ಲಿ ಬರುವ ಈ ಮಾತುಗಳು ಅರ್ಥವಾಗದೆ ತಲೆ ಚಿಟ್ಟು ಹಿಡಿಯುತ್ತಿದೆಯೇ? ಅವಳ ನಿರ್ಧಾರಕ್ಕೆ ಹೂಂ ಅನ್ನುವ ಮುಂಚೆ, ಅಥವಾ ಊಹೂಂ ಅನ್ನುವ ಮುಂಚೆ ಇದನ್ನೊಮ್ಮೆ ಓದಿ.

ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್‌ನಲ್ಲಿ ಬಿ.ಇ. ಓದುತ್ತಿರುವ ಮಗಳಿಗೆ ಕ್ಯಾಂಪಸ್ ಸೆಲೆಕ್ಷನ್‌ನಲ್ಲೇ ಕೆಲಸ ಸಿಕ್ಕಿತು. ನೀವು ದೇವರಿಗೆ ತುಪ್ಪದ ದೀಪ ಹಚ್ಚಿದಿರಿ. ಅಕ್ಕಪಕ್ಕದವರಿಗೆ ಸಿಹಿ ಹಂಚಿದಿರಿ. ಅಷ್ಟರಲ್ಲಿ ಅವಳು ಮೆಲ್ಲಗೆ ಬಂದು, ‘ಅಮ್ಮಾ, ನಾನು ಕೆಲಸಕ್ಕೆ ಸೇರಲ್ಲ, ರಿಸರ್ಚ್ ಮಾಡ್ತೀನಿ’ ಅಂದುಬಿಡುತ್ತಾಳೆ! ಯಾವುದರಲ್ಲೇ ಅಂದರೆ, ‘ವೈರ್‌ಲೆಸ್ ಕಮ್ಯುನಿಕೇಶನ್. ಫಾಸ್ಟ್ ಸಿಗ್ನಲ್ ಪ್ರೊಸೆಸಿಂಗ್ ಅಲ್ಗಾರಿದಮ್ಸ್’ ಅನ್ನುವ ಉತ್ತರ ಬರುತ್ತದೆ. ನಿಮಗೆ ಅದರಲ್ಲಿ ಅರ್ಥವಾಗುವುದು ‘ಫಾಸ್ಟ್’ ಅನ್ನುವ ಒಂದೇ ಪದ.

ಯಜಮಾನರು ಪೇಪರಿನಿಂದ ತಲೆ ಎತ್ತಿ ನಿಮ್ಮ ಮುಖ ನೋಡುತ್ತಾರೆ. ‘ಇನ್ನೂ ಐದು ವರ್ಷ ಓದೋದಾ? ಮದುವೆ ಯಾವಾಗ?’ ಅಂತ ಅತ್ತೆ ರಾಗ ಎಳೆಯುತ್ತಾರೆ. ಕೊನೆಗೆ ಎಲ್ಲರೂ ಕಾಯುವುದು ನಿಮ್ಮ ಮಾತಿಗೇ. ಯಾಕೆಂದರೆ ನಮ್ಮ ಮನೆಗಳಲ್ಲಿ ಇಂಥ ವಿಷಯ ಹಾಲ್‌ನಲ್ಲಿ ಶುರುವಾದರೂ ತೀರ್ಮಾನವಾಗುವುದು ಅಡುಗೆಮನೆಯಲ್ಲಿ, ಅಲ್ವಾ?

‘ನನಗೇನು ಗೊತ್ತಾಗುತ್ತೆ ಅದೆಲ್ಲ, ನಿಮ್ಮಪ್ಪನ್ನ ಕೇಳು’ ಅಂತ ಮಾತ್ರ ಜಾರಿಕೊಳ್ಳಬೇಡಿ. ವಿಷಯ ನೀವು ತಿಳಿದುಕೊಂಡಷ್ಟು ಕಷ್ಟದ್ದಲ್ಲ. ಹೂಂ ಅನ್ನಿ, ಬೇಡ ಅನ್ನಿ, ಅದು ನಿಮ್ಮಿಷ್ಟ. ಆದರೆ ತಿಳಿದು ಅನ್ನಿ.

ಹುಳಿಯ ರುಚಿ ನೋಡಿದಂತೆ

ಬೇರೆಯವರ ಮನೆ ಹುಳಿಯನ್ನು ಒಂದು ತೊಟ್ಟು ನಾಲಿಗೆಗೆ ಇಟ್ಟ ತಕ್ಷಣ ನೀವೇನು ಮಾಡುತ್ತೀರಿ? ‘ಕೊತ್ತಂಬರಿ ಬೀಜ ಜಾಸ್ತಿ ಆಗಿದೆ, ಇಂಗು ಕಮ್ಮಿ, ಚೂರು ಬೆಲ್ಲ ಹಾಕಿದ್ದಾರೆ’ ಅಂತ ಹೇಳಿಬಿಡುತ್ತೀರಿ. ಬೆರೆತು ಹೋದದ್ದನ್ನು ನಾಲಿಗೆಯಿಂದಲೇ ಬಿಡಿಸಿ, ಯಾವುದು ಎಷ್ಟಿದೆ ಎಂದು ಅಳೆಯುವ ವಿದ್ಯೆ ಅದು.

ಸಿಗ್ನಲ್ ಪ್ರೊಸೆಸಿಂಗ್ ಅಂದರೆ ಹೆಚ್ಚುಕಡಿಮೆ ಇದೇ! ನಮ್ಮ ಸುತ್ತ ಗಾಳಿಯಲ್ಲಿ ರೇಡಿಯೊ ಅಲೆಗಳು ತುಂಬಿಕೊಂಡಿವೆ. ನಿಮ್ಮ ಫೋನಿನದು, ಪಕ್ಕದ ಮನೆಯ ವೈಫೈದು, ಟಿ.ವಿ.ಯದು, ಎಫ್‌ಎಂನದು. ಎಲ್ಲ ಬೆರೆತ ಈ ಹುಳಿಯಲ್ಲಿ ನಿಮಗೆ ಬೇಕಾದ ರುಚಿಯನ್ನಷ್ಟೇ ಬಿಡಿಸಿ ತೆಗೆಯುವುದು ಫೋನಿನ ಕೆಲಸ. ಎಂಥ ಗೋಜಲಾದ ಅಲೆಯನ್ನೂ ಸರಳವಾದ ಸಣ್ಣ ಅಲೆಗಳಾಗಿ ಬಿಡಿಸಬಹುದು ಅನ್ನುವ ಈ ಗಣಿತಕ್ಕೆ ದಾರಿ ತೋರಿಸಿದವರು ಫ್ರಾನ್ಸಿನ ಜೋಸೆಫ್ ಫೂರಿಯೆ. 1822ರಲ್ಲಿ ಅವರು ಬರೆದ ಪುಸ್ತಕ ಫೋನಿನ ಬಗ್ಗೆ ಅಲ್ಲ, ಶಾಖದ ಬಗ್ಗೆ! ಕಾದ ವಸ್ತುವಿನಲ್ಲಿ ಬಿಸಿ ಹೇಗೆ ಹರಡುತ್ತದೆ ಅನ್ನುವುದು ಅವರ ಪ್ರಶ್ನೆಯಾಗಿತ್ತು.

ಸರಿ, ಬಿಡಿಸುವುದು ತಿಳಿಯಿತು. ‘ಫಾಸ್ಟ್’ ಯಾಕೆ? ಅಲ್ಲೇ ಇರುವುದು ಸ್ವಾರಸ್ಯ.

ಕಾಯಿ ಒಂದೇ ಸಲ ತುರಿಯಿರಿ

ಹಬ್ಬದ ದಿನ ಪಲ್ಯಕ್ಕೂ ಕಾಯಿ ಬೇಕು, ಕೋಸಂಬರಿಗೂ ಬೇಕು, ಹೂರಣಕ್ಕೂ ಬೇಕು. ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಕಾಯಿ ಒಡೆದು ತುರಿಯುತ್ತಾ ಕೂತರೆ ಎಲೆ ಹಾಕುವಾಗ ಸಂಜೆಯಾಗುತ್ತದೆ. ನೀವು ಹಾಗೆ ಮಾಡುವುದಿಲ್ಲ. ಒಂದೇ ಸಲ ತುರಿದಿಟ್ಟುಕೊಂಡು ಬೇಕಾದಲ್ಲಿಗೆ ಹಂಚುತ್ತೀರಿ.

ಲೆಕ್ಕದಲ್ಲೂ ಹಾಗೆಯೇ. 1024 ಅಂಕಿಗಳಿರುವ ಒಂದು ಅಲೆಯನ್ನು ನೇರವಾಗಿ ಬಿಡಿಸಲು ಹೊರಟರೆ 10 ಲಕ್ಷಕ್ಕೂ ಹೆಚ್ಚು ಗುಣಾಕಾರ ಮಾಡಬೇಕು. ಆದರೆ ಗಮನವಿಟ್ಟು ನೋಡಿದರೆ, ಒಂದೇ ಲೆಕ್ಕ ಬೇರೆ ಬೇರೆ ಕಡೆ ಮತ್ತೆ ಮತ್ತೆ ಬರುತ್ತಿರುತ್ತದೆ. ಅಲೆಯನ್ನು ಎರಡು ಭಾಗ ಮಾಡಿ, ಆ ಭಾಗವನ್ನು ಮತ್ತೆ ಎರಡು ಮಾಡಿ, ಒಮ್ಮೆ ಮಾಡಿದ ಲೆಕ್ಕವನ್ನೇ ಹಂಚಿಕೊಂಡರೆ ಸುಮಾರು 5 ಸಾವಿರ ಗುಣಾಕಾರ ಸಾಕು. 10 ಲಕ್ಷ ಎಲ್ಲಿ, 5 ಸಾವಿರ ಎಲ್ಲಿ! ಇದಕ್ಕೇ ಫಾಸ್ಟ್ ಫೂರಿಯೆ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಎಫ್‌ಎಫ್‌ಟಿ ಅನ್ನುತ್ತಾರೆ. ಕೆಲಸವನ್ನು ಹೀಗೆ ಕಡಿಮೆ ಹೆಜ್ಜೆಗಳಲ್ಲಿ ಮುಗಿಸುವ ಕ್ರಮವೇ ಫಾಸ್ಟ್ ಅಲ್ಗಾರಿದಮ್. ಅಲ್ಗಾರಿದಮ್ ಅಂದರೆ ಮತ್ತೇನಲ್ಲ, ‘ಮಾಡುವ ವಿಧಾನ’. ನಿಮ್ಮ ಅಡುಗೆ ಪುಸ್ತಕದ ಪ್ರತಿ ಪುಟದಲ್ಲೂ ಒಂದೊಂದು ಇದೆ.

ಈ ವಿಧಾನ 1965ರಲ್ಲಿ ಅಮೆರಿಕದ ಜೇಮ್ಸ್ ಕೂಲಿ ಮತ್ತು ಜಾನ್ ಟುಕಿ ಅವರ ಲೇಖನದಿಂದ ಹೆಸರಾಯಿತು. ಅದರ ಹಿಂದಿನ ಕಥೆ ಸಿನಿಮಾದಂತಿದೆ. ರಷ್ಯಾ ನೆಲದಡಿಯಲ್ಲಿ ಗುಟ್ಟಾಗಿ ಅಣುಬಾಂಬ್ ಸಿಡಿಸಿದರೆ ಭೂಮಿಯ ನಡುಕದಿಂದಲೇ ಪತ್ತೆ ಹಚ್ಚಬೇಕು ಅನ್ನುವುದು ಆಗ ಅಮೆರಿಕದ ತಲೆನೋವು. ಅಧ್ಯಕ್ಷರ ವಿಜ್ಞಾನ ಸಲಹಾ ಸಮಿತಿಯ ಸಭೆಯಲ್ಲಿ ಟುಕಿ ಏನೋ ಗೀಚುತ್ತಿದ್ದರು. ಪಕ್ಕದಲ್ಲಿದ್ದ ಐಬಿಎಂನ ರಿಚರ್ಡ್ ಗಾರ್ವಿನ್ ಅದನ್ನು ನೋಡಿ, ಇದು ಕೆಲಸಕ್ಕೆ ಬರುತ್ತದೆಂದು ತಮ್ಮ ಸಂಸ್ಥೆಯ ಕೂಲಿ ಅವರ ಕೈಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಸಿದರು. ನಿಜವಾದ ಉದ್ದೇಶವನ್ನು ಕೂಲಿಗೂ ಹೇಳಿರಲಿಲ್ಲ! ಆಮೇಲೆ ನೋಡಿದರೆ, ಜರ್ಮನಿಯ ಗಣಿತಜ್ಞ ಗೌಸ್ 1805ರ ಹೊತ್ತಿಗೇ ಆಕಾಶಕಾಯಗಳ ದಾರಿ ಲೆಕ್ಕ ಹಾಕಲು ಇದೇ ಉಪಾಯ ಬಳಸಿ ಸುಮ್ಮನಾಗಿದ್ದರಂತೆ.

ಇಂದು ಅದು ನಿಮ್ಮ ಸೆರಗಿನ ಪಕ್ಕದಲ್ಲೇ ಇದೆ. 4ಜಿ ಫೋನಿಗೆ ವೀಡಿಯೊ ಹರಿದು ಬರುವಾಗ ಈ ಲೆಕ್ಕ ಸೆಕೆಂಡಿಗೆ 14 ಸಾವಿರ ಸಲದವರೆಗೆ ನಡೆಯುತ್ತದೆ. ಹಳೆಯ ವಿಧಾನದಲ್ಲೇ ಮಾಡಲು ಹೋದರೆ ಮಾತು ತಡವರಿಸುತ್ತಿತ್ತು, ಬ್ಯಾಟರಿ ಕಾದು ಖಾಲಿಯಾಗುತ್ತಿತ್ತು.

ಕಲ್ಯಾಣ ಮಂಟಪದ ಮೈಕು

ದೊಡ್ಡ ಕಲ್ಯಾಣ ಮಂಟಪದಲ್ಲಿ ಯಾರೋ ಮೈಕಿನಲ್ಲಿ ಗಡಿಬಿಡಿಯಿಂದ ಹೇಳುತ್ತಾರೆ. ಗೋಡೆಗೆ ಬಡಿದ ದನಿ ವಾಪಸ್ ಬಂದು ಮುಂದಿನ ಮಾತಿನ ಮೇಲೆ ಬೀಳುತ್ತದೆ. ಊಟಕ್ಕೆ ಕರೆದರೋ, ಕಾರು ತೆಗೆಯಿರಿ ಅಂದರೋ ಗೊತ್ತೇ ಆಗುವುದಿಲ್ಲ. ಅದೇ ಒಂದೊಂದು ಪದವನ್ನು ನಿಧಾನವಾಗಿ ಹೇಳಿದರೆ ಸ್ಪಷ್ಟ.

ಊರೊಳಗಿನ ರೇಡಿಯೊ ಅಲೆಗಳಿಗೂ ಇದೇ ಪಾಡು. ಅಪಾರ್ಟ್‌ಮೆಂಟು, ಬಸ್ಸು, ಗುಡ್ಡ ಎಲ್ಲಕ್ಕೂ ಬಡಿದು ಪ್ರತಿಧ್ವನಿಯಾಗಿ ಬರುತ್ತವೆ. ನಿಧಾನವಾಗಿ ಮಾತಾಡಿದರೆ ಸ್ಪಷ್ಟ, ಆದರೆ ನಮಗೆ ಬೇಕಾಗಿರುವುದು ವೇಗ. ಎಂಜಿನಿಯರುಗಳು ಹುಡುಕಿದ ಉಪಾಯ ನೋಡಿ: ಒಬ್ಬರೇ ವೇಗವಾಗಿ ಮಾತಾಡುವ ಬದಲು ನೂರಾರು ಮಂದಿ ಒಟ್ಟಿಗೇ, ಬೇರೆ ಬೇರೆ ಶ್ರುತಿಯಲ್ಲಿ, ನಿಧಾನವಾಗಿ ಮಾತಾಡುವುದು! 4ಜಿಯ ಅಗಲವಾದ ಒಂದು ದಾರಿಯಲ್ಲಿ ಇಂಥ 1200 ಸಣ್ಣ ಎಳೆಗಳಿರುತ್ತವೆ. ಅವನ್ನು ಹೊಸೆಯಲು, ಬಿಡಿಸಲು ಮತ್ತೆ ಅದೇ ಎಫ್‌ಎಫ್‌ಟಿ ಬೇಕು. ನಿಮ್ಮ ಮನೆಯ ವೈಫೈ ಕೂಡ ಇದೇ ಉಪಾಯದ ಮೇಲೆ ನಡೆಯುತ್ತದೆ.

ಮಂಟಪದ ಅದೇ ಗದ್ದಲದಲ್ಲಿ ‘ಅಮ್ಮಾ’ ಅನ್ನುವ ನಿಮ್ಮ ಮಗುವಿನ ದನಿ ಮಾತ್ರ ನಿಮಗೆ ಥಟ್ಟನೆ ಕೇಳುತ್ತದೆ. ಎರಡು ಕಿವಿ ಇರುವುದರಿಂದ ದನಿ ಯಾವ ದಿಕ್ಕಿನಿಂದ ಬಂತು ಅನ್ನುವುದೂ ತಿಳಿಯುತ್ತದೆ. ಹೀಗೆಯೇ ಒಂದರ ಬದಲು ಹಲವು ಆಂಟೆನಾ ಇಟ್ಟು, ಒಂದೇ ದಾರಿಯಲ್ಲಿ ಹಲವು ಮಾತುಗಳನ್ನು ಒಟ್ಟಿಗೆ ಕಳಿಸುವ ಮೈಮೋ ವಿಧಾನವನ್ನು ಮುಂದಿಟ್ಟವರಲ್ಲಿ ಮುಖ್ಯರು ಅರೋಗ್ಯಸ್ವಾಮಿ ಪೌಲ್‌ರಾಜ್. ತಮಿಳುನಾಡಿನ ಪೊಳ್ಳಾಚಿ ಕಡೆಯವರು. ಭಾರತೀಯ ನೌಕಾಪಡೆಯಲ್ಲಿದ್ದವರು, ಬೆಂಗಳೂರಿನ ಕೃತಕ ಬುದ್ಧಿಮತ್ತೆ ಮತ್ತು ರೋಬೋಟಿಕ್ಸ್ ಕೇಂದ್ರದ ಸ್ಥಾಪಕ ನಿರ್ದೇಶಕರು. ಆಮೇಲೆ ಸ್ಟ್ಯಾನ್‌ಫರ್ಡಿಗೆ ಹೋದರು. ಥಾಮಸ್ ಕೈಲಾತ್ ಜೊತೆಗಿನ ಅವರ ಪೇಟೆಂಟ್ ಬಂದಿದ್ದು 1994ರಲ್ಲಿ. ಅದಕ್ಕೆ ಮಾರ್ಕೋನಿ ಪ್ರಶಸ್ತಿ ಸಿಕ್ಕಿದ್ದು 2014ರಲ್ಲಿ. ಇಪ್ಪತ್ತು ವರ್ಷ! ಸಂಶೋಧನೆ ಅಂದರೆ ಹೀಗೇ, ಮಾವಿನ ಗಿಡ ನೆಟ್ಟ ಹಾಗೆ.

ಇನ್ನೂ ಏನು ಬಾಕಿ ಉಳಿದಿದೆ?

‘ಎಲ್ಲ ಕಂಡುಹಿಡಿದು ಆಯ್ತಲ್ಲ, ಇವಳು ಇನ್ನೇನು ಮಾಡ್ತಾಳೆ?’ ಅನ್ನಿಸುತ್ತದೆ, ಅಲ್ವಾ? ಮಲೆನಾಡಿನ ತವರಿಗೆ ಫೋನ್ ಮಾಡಿ ನೋಡಿ. ಕೊರೊನಾ ಕಾಲದಲ್ಲಿ, 2020-21ರಲ್ಲಿ, ಮಲೆನಾಡು ಮತ್ತು ಕರಾವಳಿಯ ಎಷ್ಟೋ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಸಿಗ್ನಲ್ ಹುಡುಕುತ್ತಾ ಗುಡ್ಡ ಹತ್ತಿದರು. ಮಳೆಗೆ ಕೊಡೆ ಹಿಡಿದು ಕೂತರು. ರಾತ್ರಿ ಹೆರಿಗೆ ನೋವು ಬಂದವರ ಮನೆಯಿಂದ ಆಂಬುಲೆನ್ಸಿಗೆ ಕರೆ ಹೋಗದಿದ್ದರೆ? ಒಂಟಿಯಾಗಿರುವ ಅಜ್ಜಿ ಜಾರಿ ಬಿದ್ದಾಗ ಫೋನಿನಲ್ಲಿ ಒಂದು ಕಡ್ಡಿಯೂ ಇಲ್ಲದಿದ್ದರೆ? ದುರ್ಬಲ ಸಿಗ್ನಲ್‌ನಲ್ಲೂ ಮಾತು ಒಡೆಯದಂತೆ ಮಾಡುವುದು, ಟವರಿಗೆ ಕಡಿಮೆ ಕರೆಂಟು ಸಾಕಾಗುವಂತೆ ಮಾಡುವುದು, ಕಿವಿ ಮಂದವಾದವರ ಶ್ರವಣಯಂತ್ರದಲ್ಲಿ ಗದ್ದಲ ತೆಗೆದು ಮಾತು ಉಳಿಸುವುದು... ಎಲ್ಲವೂ ಇದೇ ವಿದ್ಯೆ. ಭಾರತದಲ್ಲಿ 5ಜಿ ಶುರುವಾಗಿದ್ದು 2022ರ ಅಕ್ಟೋಬರ್ 1ರಂದು. ಮುಂದಿನ 6ಜಿಯನ್ನು 2030ರ ಹೊತ್ತಿಗೆ ತರಲು ಜಗತ್ತೆಲ್ಲ ತಯಾರಿ ನಡೆಸುತ್ತಿದೆ. ನಿಮ್ಮ ಮಗಳು ಓದು ಮುಗಿಸುವ ಹೊತ್ತಿಗೆ ಸರಿಯಾಗಿ!

ಹಾಗಂತ ಫಲ ಬೇಗ ಸಿಗುತ್ತದೆ ಅಂದುಕೊಳ್ಳಬೇಡಿ. ಫೋನಿನಲ್ಲಿ ಹೆಸರು ಸರಿಯಾಗಿ ಕೇಳಿಸದಿದ್ದಾಗ ‘ಬ, ಬಾಳೆಹಣ್ಣಿನ ಬ’ ಅಂತ ಒತ್ತಿ ಹೇಳುತ್ತೀರಲ್ಲ? ಸ್ವಲ್ಪ ಹೆಚ್ಚು ಮಾತು ಸೇರಿಸಿ ತಪ್ಪಾಗದಂತೆ ನೋಡಿಕೊಳ್ಳುವ ಉಪಾಯ ಅದು. ಇಂಥದ್ದೇ ಒಂದು ಗಣಿತದ ಉಪಾಯವನ್ನು ಅಮೆರಿಕದ ರಾಬರ್ಟ್ ಗ್ಯಾಲಗರ್ 1960ರ ದಶಕದ ಆರಂಭದಲ್ಲೇ ಬರೆದಿಟ್ಟರು. ಅದರ ಲೆಕ್ಕ ಮಾಡುವಷ್ಟು ಶಕ್ತಿ ಆಗಿನ ಕಂಪ್ಯೂಟರುಗಳಿಗೆ ಇರಲಿಲ್ಲ. ಮೂವತ್ತು ವರ್ಷ ಹೆಚ್ಚಿನವರು ಅದನ್ನು ತಿರುಗಿಯೂ ನೋಡಲಿಲ್ಲ. ಇವತ್ತು 5ಜಿ ಫೋನಿಗೆ ಬರುವ ಡೇಟಾ ಅದೇ ಉಪಾಯದ ಕಾವಲಿನಲ್ಲಿ ಬರುತ್ತಿದೆ.

ನಮ್ಮೂರಿನ ಹೆಣ್ಣುಮಗಳು

‘ಇದೆಲ್ಲ ಗಂಡುಮಕ್ಕಳ ಕೆಲಸ’ ಅನ್ನುವವರು ನಿಮ್ಮ ಮನೆಯಲ್ಲಿದ್ದರೆ ಅವರಿಗೆ ರಾಜೇಶ್ವರಿ ಚಟರ್ಜಿ ಅವರ ಕಥೆ ಹೇಳಿ.

ಹೆಸರು ಬಂಗಾಳಿಯಂತಿದ್ದರೂ ಹುಟ್ಟಿದ್ದು ನಮ್ಮಲ್ಲೇ, 1922ರಲ್ಲಿ. ತಂದೆ ನಂಜನಗೂಡಿನಲ್ಲಿ ವಕೀಲರು. ಅಜ್ಜಿ ಕಮಲಮ್ಮ ದಾಸಪ್ಪ ಹಳೆಯ ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು. ರಾಜೇಶ್ವರಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ, ಅದೇ ನಾವು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುತ್ತೀವಲ್ಲ, ಅಲ್ಲಿಗೆ ಸಂಶೋಧನೆಗೆ ಸೇರಿದರು. ಆಯ್ದುಕೊಂಡಿದ್ದು ಸಂಪರ್ಕ ತಂತ್ರಜ್ಞಾನ! 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೊರಟರು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿ 1953ರಲ್ಲಿ ವಾಪಸ್ ಬಂದು ಅದೇ ಸಂಸ್ಥೆಯಲ್ಲಿ ಪಾಠ ಹೇಳಲು ನಿಂತರು. ಮೈಕ್ರೋವೇವ್ ಮತ್ತು ಆಂಟೆನಾ ಅವರ ಕ್ಷೇತ್ರ. ಅಲ್ಲೇ ಪ್ರಾಧ್ಯಾಪಕರಾಗಿದ್ದ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ಅದೇ ವರ್ಷ ಮದುವೆಯಾದರು. ಗಂಡಹೆಂಡತಿ ಇಬ್ಬರೂ ಸೇರಿ ಮೈಕ್ರೋವೇವ್ ಸಂಶೋಧನೆ ಬೆಳೆಸಿದರು. 20 ವಿದ್ಯಾರ್ಥಿಗಳು ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಪಡೆದರು. 1982ರಲ್ಲಿ ನಿವೃತ್ತರಾದ ಮೇಲೂ ಕೂರಲಿಲ್ಲ, ಮಹಿಳಾ ಅಧ್ಯಯನದ ಕೆಲಸಕ್ಕೆ ಇಳಿದರು. 2010ರಲ್ಲಿ ತೀರಿಕೊಂಡರು. ಮಗಳು ಇಂದಿರಾ ಕೂಡ ಅಮೆರಿಕದಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕಿಯಾದರು.

ಸ್ವಾತಂತ್ರ್ಯ ಬಂದ ವರ್ಷ ಮಗಳನ್ನು ಓದಲು ಅಮೆರಿಕಕ್ಕೆ ಕಳಿಸಿದ ಆ ಮನೆಯವರ ಧೈರ್ಯ ನೆನೆಸಿಕೊಳ್ಳಿ. ನಿಮ್ಮ ಮಗಳು ಕೇಳುತ್ತಿರುವುದು ಬಹುಶಃ ಮೆಟ್ರೊ ಹತ್ತಿದರೆ ತಲುಪುವಷ್ಟು ದೂರ!

ಹೆಂಡತಿ ಒಪ್ಪಿದ ಬೇಸಿಗೆ

ಇನ್ನೊಂದು ಕಥೆ ಕೇಳಿ. ಇದರಲ್ಲಿ ಮನೆಯವರ ಪಾತ್ರ ಮುಖ್ಯ. ಬೆಂಗಳೂರಿನಲ್ಲಿ 1940ರಲ್ಲಿ ಹುಟ್ಟಿದ ನಾಸಿರ್ ಅಹ್ಮದ್ ಇಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಅಂದರೆ ಕೆ.ಆರ್. ಸರ್ಕಲ್ಲಿನ ಯುವಿಸಿಇಯಲ್ಲಿ ಓದಿ ಅಮೆರಿಕಕ್ಕೆ ಹೋದವರು. ಚಿತ್ರವನ್ನು ಕಡಿಮೆ ಜಾಗದಲ್ಲಿ ಅಡಗಿಸುವ ಒಂದು ಲೆಕ್ಕ ಅವರಿಗೆ ಹೊಳೆಯಿತು. 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹತ್ತಿರ ಹಣ ಕೇಳಿದರು. ಸಿಗಲಿಲ್ಲ. ಬೇಸಿಗೆ ರಜೆಯಲ್ಲಿ ಸಂಬಳವೂ ಇಲ್ಲ, ಕೈಯಲ್ಲಿ ಉಳಿತಾಯವೂ ಇಲ್ಲ. ಹೆಂಡತಿ ಎಸ್ತರ್ ಜೊತೆ ಮಾತಾಡಿ, 1973ರ ಬೇಸಿಗೆ ಪೂರ್ತಿ ಅದೇ ಕೆಲಸಕ್ಕೆ ಕೂತರು. ಶಿಷ್ಯ ಟಿ. ನಟರಾಜನ್, ಸ್ನೇಹಿತ ಕೆ.ಆರ್. ರಾವ್ ಜೊತೆಗೂಡಿ 1974ರ ಜನವರಿಯಲ್ಲಿ ಪ್ರಕಟಿಸಿದ ಆ ಲೆಕ್ಕವೇ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್.

ಹೆಸರು ಬಾಯಿ ತಿರುಗದಿದ್ದರೆ ಬಿಡಿ. ಚುಕ್ಕಿ ರಂಗೋಲಿ ಗೊತ್ತಲ್ಲ? ಫೋಟೊವನ್ನು ಎಂಟು ಚುಕ್ಕಿ ಎಂಟು ಸಾಲಿನ ಸಣ್ಣ ಸಣ್ಣ ಚೌಕಗಳಾಗಿ ಮಾಡಿ, ಪ್ರತಿ ಚೌಕದಲ್ಲೂ ಕಣ್ಣಿಗೆ ಮುಖ್ಯವಾದದ್ದನ್ನು ಉಳಿಸಿ, ಕಣ್ಣು ಗಮನಿಸದ ನವಿರು ವಿವರವನ್ನು ಬಿಟ್ಟುಬಿಡುವುದು ಅದರ ಕೆಲಸ. 1992ರಲ್ಲಿ ಬಂದ ಜೆಪಿಇಜಿ ಫೋಟೊ ವಿಧಾನ ಇದರ ಮೇಲೆಯೇ ನಿಂತಿದೆ. ನಾದಿನಿ ವಾಟ್ಸ್ಯಾಪ್‌ನಲ್ಲಿ ಕಳಿಸುವ ಸೀಮಂತದ ಫೋಟೊ ಕ್ಷಣದಲ್ಲಿ ನಿಮ್ಮ ಕೈ ಸೇರುವುದು ಇದರಿಂದಲೇ. ಅಂದು ಆ ಮನೆಯಲ್ಲಿ ‘ಸಂಬಳ ಇಲ್ಲದ ಕೆಲಸ ಯಾಕೆ?’ ಅಂತ ಜಗಳ ಎದ್ದಿದ್ದರೆ?

ಅಮ್ಮಂದಿರ ಪ್ರಶ್ನೆಗಳು

ಕಥೆ ಕೇಳಲು ಚೆನ್ನ, ಸಂಸಾರ ನಡೆಯಬೇಕಲ್ಲ ಅನ್ನುತ್ತೀರಾ? ಸರಿ, ಒಂದೊಂದಾಗಿ ನೋಡೋಣ.

* ಫೀಸು ಎಷ್ಟು ಸುರಿಯಬೇಕು?

ಇಲ್ಲಿ ನಿಮ್ಮ ಲೆಕ್ಕ ಉಲ್ಟಾ ಆಗುತ್ತದೆ. ಕೇಂದ್ರ ಸರ್ಕಾರದ ಒಳ್ಳೆಯ ಸಂಸ್ಥೆಗಳಲ್ಲಿ ಓದುವವರಿಗೇ ತಿಂಗಳು ತಿಂಗಳು ಹಣ ಕೊಡುತ್ತಾರೆ. ಗೇಟ್ ಪರೀಕ್ಷೆ ಪಾಸಾಗಿ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ. ಪಿಎಚ್.ಡಿ. ಫೆಲೋಶಿಪ್ಪು 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂ., ಆಮೇಲೆ 42,000 ರೂ. ಕಂಪನಿ ಸಂಬಳಕ್ಕೆ ಹೋಲಿಸಿದರೆ ಕಡಿಮೆಯೇ. ಆದರೆ ಅವಳ ಖರ್ಚಿಗೆ ಅಪ್ಪನ ಮುಂದೆ ಕೈ ಚಾಚಬೇಕಿಲ್ಲ. ಒಂದು ಎಚ್ಚರಿಕೆ: ಎಲ್ಲ ಕಾಲೇಜಿನಲ್ಲೂ ಈ ಹಣ ಸಿಗುವುದಿಲ್ಲ. ಸೇರುವ ಮುಂಚೆಯೇ ಬರಹದಲ್ಲಿ ಕೇಳಿಕೊಳ್ಳಿ.

* ಎಲ್ಲಿ ಓದಬಹುದು?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಸುರತ್ಕಲ್ಲಿನ ಎನ್‌ಐಟಿಕೆ, ಧಾರವಾಡದ ಐಐಟಿ, ಬೆಂಗಳೂರಿನ ಐಐಐಟಿ ಎಲ್ಲ ನಮ್ಮ ರಾಜ್ಯದಲ್ಲೇ ಇವೆ. ಬಿ.ಇ. ಮುಗಿಸಿದವರು ಚೆನ್ನಾಗಿ ಗೇಟ್ ಬರೆದಿದ್ದರೆ ವಿಜ್ಞಾನ ಸಂಸ್ಥೆಯಲ್ಲಿ ನೇರವಾಗಿ ಪಿಎಚ್.ಡಿ.ಗೂ ಅರ್ಜಿ ಹಾಕಬಹುದು. ಸಂದರ್ಶನ ಮಾತ್ರ ಗಟ್ಟಿಯಾಗಿರುತ್ತದೆ. ಗೇಟ್ ಅಂಕ ಮೂರು ವರ್ಷ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಒಂದು ವರ್ಷ ಕೆಲಸ ಮಾಡಿ ನೋಡಿ ಆಮೇಲೆ ಸೇರುವ ದಾರಿಯೂ ತೆರೆದೇ ಇರುತ್ತದೆ.

* ಮದುವೆ? ಮಕ್ಕಳು?

ಇದು ನಿಜವಾದ ಆತಂಕ, ನಗುವ ವಿಷಯವಲ್ಲ. ಯುಜಿಸಿಯ 2022ರ ನಿಯಮ ನೋಡಿ. ಪಿಎಚ್.ಡಿ. ಮಾಡುವ ಮಹಿಳೆಗೆ ಹೆರಿಗೆ ಅಥವಾ ಮಗುವಿನ ಪಾಲನೆಗಾಗಿ 240 ದಿನಗಳವರೆಗೆ ರಜೆ ಕೊಡಬಹುದು. ಮುಗಿಸುವ ಅವಧಿಯಲ್ಲೂ ಎರಡು ವರ್ಷ ಹೆಚ್ಚು ಸಡಿಲಿಕೆ ಇದೆ. ಮದುವೆಯಾಗಿ ಬೇರೆ ಊರಿಗೆ ಹೋದರೆ ಮಾಡಿದ ಸಂಶೋಧನೆಯನ್ನು ಅಲ್ಲಿನ ವಿಶ್ವವಿದ್ಯಾಲಯಕ್ಕೆ ಒಯ್ಯಬಹುದು. ಆದರೆ ಅದು ಹಳೆಯ ಸಂಸ್ಥೆಗೆ ಅಥವಾ ಗೈಡಿಗೆ ಮಂಜೂರಾದ ಪ್ರಾಜೆಕ್ಟ್‌ನ ಭಾಗವಾಗಿರಬಾರದು. ಐಐಟಿ, ವಿಜ್ಞಾನ ಸಂಸ್ಥೆಗಳಿಗೆ ತಮ್ಮದೇ ನಿಯಮಗಳಿರುತ್ತವೆ, ವಿಚಾರಿಸಿ. ನಡುವೆ ಓದು, ಕೆಲಸ ನಿಂತುಹೋದ ಮಹಿಳೆಯರಿಗಾಗಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಯೋಜನೆಗಳೂ ಇವೆ.

ಇನ್ನು ‘ಹೆಚ್ಚು ಓದಿದರೆ ಗಂಡು ಸಿಗಲ್ಲ’ ಅನ್ನುವ ಮಾತು. ಹೆಂಡತಿಯ ಓದು ಭಾರ ಅನ್ನಿಸುವ ಹುಡುಗ ಮೊದಲೇ ದೂರ ಸರಿದರೆ ನಷ್ಟ ಯಾರಿಗೆ? ಯೋಚಿಸಿ.

* ರೇಡಿಯೊ ಅಲೆಗಳ ನಡುವೆ ಕೆಲಸ, ಮೈಗೆ ಏನಾದರೂ ಆದರೆ?

ಸಿಗ್ನಲ್ ಪ್ರೊಸೆಸಿಂಗ್‌ನವರ ಕೆಲಸ ಹೆಚ್ಚಾಗಿ ನಡೆಯುವುದು ಕಂಪ್ಯೂಟರ್ ಮುಂದೆ, ಕಾಗದದ ಮೇಲೆ. ರೇಡಿಯೊ ಅಲೆಗಳಿಗೆ ಎಕ್ಸ್‌-ರೇ ಥರ ಜೀವಕೋಶದೊಳಗಿನ ಅಣುಗಳನ್ನು ಒಡೆಯುವ ಶಕ್ತಿ ಇಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇವನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು’ ಅನ್ನುವ ಪಟ್ಟಿಗೆ ಸೇರಿಸಿದಾಗ ಗಾಬರಿ ಎದ್ದಿತ್ತು. ಅದೇ ಸಂಸ್ಥೆ ಹೇಳಿ ಮಾಡಿಸಿ, 2024ರಲ್ಲಿ ಪ್ರಕಟವಾದ ದೊಡ್ಡ ಪರಿಶೀಲನೆಯಲ್ಲಿ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ. ಇವಳಿಗೆ ಬರುವ ತೊಂದರೆ ಬಹುಶಃ ಕತ್ತು ನೋವು, ಕಣ್ಣುರಿ, ಹೊತ್ತಲ್ಲದ ಹೊತ್ತಿನ ಊಟ. ಅದಕ್ಕೆ ಮದ್ದು ನಿಮ್ಮ ಹತ್ತಿರವೇ ಇದೆ.

* ಮುಗಿಸಿದ ಮೇಲೆ ಕೆಲಸ?

ಈ ವಿದ್ಯೆಗೆ ಬೆಂಗಳೂರು ಒಳ್ಳೆಯ ಊರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಇಲ್ಲಿಗೆ ಬಂದಿತ್ತು. ಚಿಪ್ಪು, ಫೋನು, ಟವರಿನ ಯಂತ್ರ ಮಾಡುವ ಹತ್ತಾರು ಕಂಪನಿಗಳ ಸಂಶೋಧನಾ ವಿಭಾಗಗಳು ಇಲ್ಲಿವೆ. ಇಸ್ರೊ, ಬಿಇಎಲ್, ಡಿಆರ್‌ಡಿಒ ಪ್ರಯೋಗಾಲಯಗಳಿವೆ, ಪಾಠ ಹೇಳುವ ಕೆಲಸವೂ ಇದೆ. ಆದರೆ ಪಿಎಚ್.ಡಿ. ಆದ ಕೂಡಲೇ ಕೆಲಸ ಮನೆ ಬಾಗಿಲಿಗೆ ಬರುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ. ಗೈಡ್ ಯಾರು, ಅವರ ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ಅನ್ನುವುದರ ಮೇಲೆ ಬಹಳ ಅವಲಂಬಿಸಿರುತ್ತದೆ.

ಮಗಳನ್ನು ಕೂರಿಸಿಕೊಂಡು ಕೇಳಿ

ಬೈಯಲು ಅಲ್ಲ, ತಿಳಿಯಲು. ಕಾಫಿ ಕೊಟ್ಟು ಕೇಳಿ.

1. ‘ನೀನು ಯಾವ ಕಷ್ಟಕ್ಕೆ ಪರಿಹಾರ ಹುಡುಕ್ತೀಯ? ನನಗೆ ಅರ್ಥ ಆಗೋ ಹಾಗೆ ಹೇಳು.’ ತಡವರಿಸಿದರೂ ಪರವಾಗಿಲ್ಲ, ಹೇಳುವಾಗ ಕಣ್ಣು ಹೊಳೆಯುತ್ತದೆಯೇ ನೋಡಿ.

2. ‘ಕೆಲಸದ ಭಯಕ್ಕೆ ಓದ್ತೀನಿ ಅಂತಿದ್ದೀಯಾ, ಓದಿನ ಆಸೆಗೆ ಅಂತಿದ್ದೀಯಾ?’ ಗೆಳತಿ ಸೇರಿದಳು ಅಂತ ಸೇರುವುದಾದರೆ ಒಂದು ವರ್ಷ ತಡೆಯುವುದು ಒಳ್ಳೆಯದು.

3. ‘ಗೈಡ್ ಯಾರು? ಅವರ ಹತ್ತಿರ ಈಗ ಓದುತ್ತಿರುವ ಹುಡುಗಿಯರ ಜೊತೆ ಮಾತಾಡಿದ್ದೀಯಾ?’ ಇದು ತುಂಬಾ ಮುಖ್ಯ. ಐದು ವರ್ಷ ಒಬ್ಬರ ಕೈಕೆಳಗೆ ದುಡಿಯಬೇಕು. ಅವರ ಗುಣ ವಿಚಾರಿಸದೆ ಕಳಿಸುವುದು ಬೇಡ.

4. ‘ಎರಡು ವರ್ಷ ಏನೂ ಫಲ ಕಾಣದಿದ್ದರೆ ಏನು ಮಾಡ್ತೀಯ?’ ಬರೆದ ಪೇಪರ್ ತಿರಸ್ಕಾರವಾಗುವುದು ಇಲ್ಲಿ ಮಾಮೂಲು. ಎಂ.ಟೆಕ್. ಮಟ್ಟಕ್ಕೆ ಮುಗಿಸಿ ಹೊರಬರುವ ದಾರಿ ಇದೆಯೇ ಅಂತಲೂ ಕೇಳಿಟ್ಟುಕೊಳ್ಳಿ.

5. ‘ಮನೆ ಸಾಲಕ್ಕೆ ನಿನ್ನ ಸಂಬಳ ಬೇಕು ಅನ್ನೋ ಪರಿಸ್ಥಿತಿ ಇದೆಯಾ, ಅಪ್ಪನ ಜೊತೆ ಕೂತು ಲೆಕ್ಕ ಹಾಕೋಣವಾ?’ ಹಣದ ಮಾತನ್ನು ಮುಚ್ಚಿಡಬೇಡಿ. ಕಷ್ಟ ಇದ್ದರೆ ಇದೆ ಅಂತಲೇ ಹೇಳಿ. ಸುಳ್ಳು ನೆಪ ಹೇಳಿ ತಡೆದರೆ ಅದು ಅವಳ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯುತ್ತದೆ.

ನಿಮ್ಮ ಪಾಲಿನ ಕೆಲಸ

ನಮ್ಮ ಬಡಾವಣೆಯ ತಾಯಿಯೊಬ್ಬರು ಭಾನುವಾರ ಮಧ್ಯಾಹ್ನ ತಲೆಗೆ ಎಣ್ಣೆ ಹಚ್ಚುತ್ತಾ ಮಗಳಿಂದ ಆ ವಾರದ ಪಾಠ ಹೇಳಿಸಿಕೊಳ್ಳುತ್ತಾರೆ. ‘ನನಗೆ ಅರ್ಧ ಅರ್ಥ ಆಗುತ್ತೆ. ಆದರೆ ನನಗೆ ಹೇಳೋಕ್ಕೆ ಹೋಗಿ ಅವಳಿಗೆ ಪೂರ್ತಿ ಅರ್ಥ ಆಗುತ್ತಂತೆ’ ಅನ್ನುತ್ತಾರೆ ಅವರು. ನೀವೂ ಮಾಡಿ ನೋಡಬಹುದು.

ಒಂದು ಸಣ್ಣ ಪರೀಕ್ಷೆಯನ್ನೂ ಇಬ್ಬರೂ ಸೇರಿ ಮಾಡಿ. ಮೈಕ್ರೋವೇವ್ ಓವನ್ ಓಡುವಾಗ ಅದರ ಪಕ್ಕದಲ್ಲೇ ಫೋನ್ ಇಟ್ಟು ವೈಫೈನಲ್ಲಿ ವೀಡಿಯೊ ಹಾಕಿ. ಕೆಲವು ಮನೆಗಳಲ್ಲಿ ಅದು ತಡೆದು ತಡೆದು ಓಡುತ್ತದೆ. ಓವನ್ನಿನ ಅಲೆಯೂ ಹಳೆಯ ಬಗೆಯ ವೈಫೈ ಅಲೆಯೂ ಹೆಚ್ಚುಕಡಿಮೆ ಒಂದೇ ಶ್ರುತಿ, 2.4 ಗಿಗಾಹರ್ಟ್ಸ್ ಆಸುಪಾಸು. ಆಮೇಲೆ ರೌಟರ್‌ನ 5 ಗಿಗಾಹರ್ಟ್ಸ್ ಸಂಪರ್ಕಕ್ಕೆ ಬದಲಿಸಿ ನೋಡಿ. ಹಾಗೆಯೇ ರೌಟರನ್ನು ಸ್ಟೀಲ್ ಬೀರುವಿನ ಹಿಂದಿನಿಂದ ತೆಗೆದು ಮನೆಯ ನಡುವೆ, ಎತ್ತರದಲ್ಲಿಡಿ. ಲೋಹ ರೇಡಿಯೊ ಅಲೆಯನ್ನು ತಡೆಯುತ್ತದೆ. ಅವಳ ಓದಿನ ಮೊದಲ ಲಾಭ ನಿಮ್ಮ ಸೀರಿಯಲ್ಲಿಗೇ ಸಿಗಲಿ!

ನೆಂಟರ ಬಾಯಿಗೆ ಹೆದರಬೇಡಿ. ‘ಮಗಳು ಏನು ಮಾಡ್ತಿದ್ದಾಳೆ?’ ಅಂತ ಮದುವೆ ಮನೆಯಲ್ಲಿ ಯಾರಾದರೂ ಕೇಳಿದರೆ ‘ಏನೋ ಓದ್ತಿದ್ದಾಳೆ’ ಅಂತ ತಲೆ ತಗ್ಗಿಸಬೇಡಿ. ‘ಗುಡ್ಡದ ಮೇಲಿನ ಮನೆಗೂ ಫೋನು ಸಿಗೋ ಹಾಗೆ ಮಾಡೋ ಲೆಕ್ಕ ಹುಡುಕ್ತಿದ್ದಾಳೆ’ ಅನ್ನಿ. ಮಾತಾಡಿ, ಕೇಳಿ, ಲೆಕ್ಕ ಹಾಕಿ, ಆಮೇಲೆ ಒಪ್ಪಿ ಅಥವಾ ತಡೆಯಿರಿ. ಒಪ್ಪಿದ ಮೇಲೆ ಮಾತ್ರ ದಿನಾ ಬೆಳಗ್ಗೆ ‘ಯಾವಾಗ ಮುಗಿಯುತ್ತೆ?’ ಅಂತ ಕೇಳಬೇಡಿ. ಕುಕ್ಕರಿನ ವಿಷಲ್ ಎಣಿಸಬಹುದು, ಸಂಶೋಧನೆಯದ್ದು ಎಣಿಸಲು ಬರುವುದಿಲ್ಲ. ಏನಂತೀರಿ?